ಕಿತ್ತಳೆ ಸಿಪ್ಪೆ ಸಿಕ್ಕ ಗುಂಡಿ

ಕೆಳಗಿನ ಉಗ್ರಾಣ,
ಮಂಗಳವಾರ, 14 ಫೆಬ್ರುವರಿ 1984

ಬೆಟ್ಟದ ಮೇಲಿನ ದೊರೆ ಬೊಹುಶ್‌ನಿಗೆ ಕೆಳಗಿನ ಹೆಂಡತಿ ಓಟೀಲಿಯಾ ಮಾಡುವ ನಮಸ್ಕಾರ.

ಮೊದಲು ಬೈಗುಳ, ಆಮೇಲೆ ಸಮಾಚಾರ. ನಿನ್ನೆ ರೇಡಿಯೋದಲ್ಲಿ ನೀನು ನನ್ನ ಮಂಡಿ ಹೇಗಿದೆ ಅಂತ ಕೇಳಿದ್ದು ಇಡೀ ಕಣಿವೆಗೆ ಕೇಳಿಸಿದೆ. ಬೆಳಿಗ್ಗೆ ಬ್ರೆಡ್ಡಿನ ಅಂಗಡಿಯಲ್ಲಿ ನಾಲ್ಕು ಜನ ನನ್ನ ಮಂಡಿ ವಿಚಾರಿಸಿದರು. ಒಬ್ಬಳಂತೂ ಎಲೆಕೋಸಿನ ಎಲೆ ಸುತ್ತಿಕೊಳ್ಳಿ ಅಂದಳು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮನೆ ಮಾತು ಕಾಗದದಲ್ಲಿರಲಿ, ರೇಡಿಯೋದಲ್ಲಿ ಬರೀ ಹವಾಮಾನ ಹೇಳು.

ಮೂರು ದಿನದಿಂದ ಬೀಸಿದ ಗಾಳಿ ಇವತ್ತು ನಿಂತಿದೆ. ಇಲ್ಲಿ ಉಗ್ರಾಣದ ಬಾಗಿಲ ಮುಂದೆಯೇ ಸೊಂಟದಷ್ಟು ಹಿಮ ಒಟ್ಟಿದೆ ಅಂದರೆ ಮೇಲೆ ತಂಗುಮನೆಯ ದಾರಿ ಹಾಯುವ ಬೆಟ್ಟದ ಬಟ್ಟಲಿನಲ್ಲಿ ಏನಾಗಿರಬೇಕು ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಜನವರಿಯ ಚಳಿಯಲ್ಲಿ ಅಡಿಯ ಹಿಮ ಒಂದಕ್ಕೊಂದು ಅಂಟದ ಸಕ್ಕರೆಯಾಗಿ ಕೂತಿದೆ, ಅದರ ಮೇಲೆ ಈಗ ಗಾಳಿ ತಂದು ಹಾಕಿದ ಗಟ್ಟಿ ಹಿಮದ ಹಲಗೆ, ಯಾವಾಗ ಬೇಕಾದರೂ ಜಾರಬಹುದು. ಸಕ್ಕರೆ ಮೇಲೆ ಹಲಗೆ ಇಟ್ಟು, ಹಲಗೆ ಮೇಲೆ ನಮ್ಮ ಮಗಳನ್ನು ನಡೆಸುವುದು ನನಗೆ ಇಷ್ಟವಿಲ್ಲ.

ಆದರೆ ನಮ್ಮ ಜೊಲಾನಾ ಗೊತ್ತಲ್ಲ, ಅಪ್ಪನ ಮಗಳು. ಶುಕ್ರವಾರ ಹೊರಟೇ ಹೊರಡುತ್ತೇನೆ ಅಂತಾಳೆ. ನಿನ್ನ ಹತ್ತಿರ ಗ್ಯಾಸ್ ಮುಗಿಯುತ್ತಿದೆ, ಶನಿವಾರ ಕೊಶಿತ್ಸೆಯಿಂದ ಮೂವತ್ತು ಜನ ಪ್ರವಾಸಿಗಳು ಬರುತ್ತಾರೆ, ಅವರಿಗೆ ಮುಂಚೆ ದಾರಿ ತುಳಿಯಬೇಕು ಅಂತೆ. ಹೊರೆಯಾಳು ವೆಂಡೆಲೀನನೂ ಜೊತೆಗೆ ಹೊರಡುತ್ತಾನೆ. ಹೆಣ್ಣುಮಗಳೊಬ್ಬಳು ಗ್ಯಾಸ್ ಸಿಲಿಂಡರ್ ಹೊತ್ತು ಹೊರಟಾಗ ಅವನು ಒಲೆ ಮುಂದೆ ಕೂರುವುದಕ್ಕಾಗುತ್ತದೆಯೇ, ಅವನ ಮೀಸೆಗೆ ಅವಮಾನ. ಬೇಡ ಕಣೇ ಅಂದರೆ ಜೊಲಾನಾ ಒಂದೇ ಮಾತು ಹೇಳುತ್ತಾಳೆ. ಅಪಾಯ ಅಂತ ಅಪ್ಪ ಮಾಳಿಗೆಯ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿದರೆ ನಿಲ್ಲುತ್ತೇನೆ, ಕಟ್ಟದಿದ್ದರೆ ಹೋಗುತ್ತೇನೆ, ಅಷ್ಟೇ ಅಮ್ಮ, ಅಂತ. ಈ ಚಳಿಗಾಲದಲ್ಲಿ ಕೆಂಪು ಬಟ್ಟೆ ಕಂಡಿದ್ದೇ ಅಪರೂಪ, ಅಪ್ಪನಿಗೆ ವಯಸ್ಸಾದ ಮೇಲೆ ಧೈರ್ಯ ಬಂದಿದೆ ಅಂತ ನಗುತ್ತಾಳೆ.

ಆದ್ದರಿಂದ ಒಂದು ಕೆಲಸ ಮಾಡು. ಬಟ್ಟಲಿನ ಇಳಿಜಾರಿಗೇ ಹೋಗಿ, ದಾರಿ ತೋರಿಸುವ ಮೂರನೇ ಕಂಬದಿಂದ ಸ್ವಲ್ಪ ಮೇಲೆ, ಬಂಡೆಯ ಆಸರೆ ಇರುವ ಕಡೆ ನಿಂತು ಗುಂಡಿ ತೋಡು. ಯಾರೂ ಕಾಲಿಡದ ಹಿಮದಲ್ಲಿ. ಪದರ ನೋಡು, ಅಂಗೈಯಲ್ಲಿ ತಟ್ಟಿ ನೋಡು, ಕಂಡದ್ದನ್ನು ಕಂಡ ಹಾಗೆ ಬರೆ. ರಕ್ಷಣಾ ದಳದ ಗೇಜಾ ನಾಳೆ ಕುರುಚಲು ಪೈನ್ ಗಿಡಗಳ ದಿಣ್ಣೆ ಹತ್ತಿ ನಿನ್ನಲ್ಲಿಗೆ ಬರುತ್ತಾನೆ. ಆ ದಾರಿಯಲ್ಲಿ ಭಯವಿಲ್ಲ. ಆದರೆ ಬರಿಗೈಯಲ್ಲಿ ನುಸುಳಿ ಬರಬಹುದೇ ಹೊರತು ಬೆನ್ನ ಮೇಲೆ ಹೊರೆಚೌಕಟ್ಟು ಇಟ್ಟುಕೊಂಡು ಆಗದ ಮಾತು. ಅವನ ಕೈಲೇ ಉತ್ತರ ಕೊಟ್ಟು ಕಳಿಸು.

ನಿನ್ನ
ಓಟೀಲಿಯಾ

ಮರೆತೆ: ಇನ್ನೆರಡು ಚಳಿಗಾಲ ಅಷ್ಟೇ, ಆಮೇಲೆ ಇಳಿದು ಬರುತ್ತೇನೆ ಅಂತ ನೀನು ಹೇಳಿ ಎಂಟು ಚಳಿಗಾಲ ಆಯಿತು. ಜ್ಞಾಪಕಕ್ಕೆ ಇರಲಿ ಅಂತ ಬರೆದೆ.


ಮೇಲಿನ ತಂಗುಮನೆ,
ಬುಧವಾರ

ಕಣಿವೆಯ ಮಹಾರಾಣಿ ಓಟೀಲಿಯಾಳಿಗೆ ಬಡ ಗಂಡ ಬೊಹುಶ್‌ನ ಅಡ್ಡಬಿದ್ದ ವಂದನೆ.

ನಿನ್ನ ಕಾಗದ ಬಂತು. ಬೈಗುಳ ತಿಂದೆ, ಹೊಟ್ಟೆ ತುಂಬಿತು. ಗೇಜಾ ಬೆಳಿಗ್ಗೆಯೇ ಬಂದ. ಪಾಪ, ಮುಖ ತುಂಬ ಪೈನ್ ಮುಳ್ಳು ಗೀರಿಸಿಕೊಂಡು ಬೆಕ್ಕಿನ ಜೊತೆ ಜಗಳ ಆಡಿದವನ ಹಾಗೆ ಕಾಣುತ್ತಿದ್ದ. ಹುಳಿ ಎಲೆಕೋಸಿನ ಸಾರು ಕೊಟ್ಟೆ, ಎರಡು ಬಟ್ಟಲು ಕುಡಿದ. ಆಮೇಲೆ ಸುಮ್ಮನೆ ಕೂರುವುದೇಕೆ ಅಂತ ಅವನ ಕೈಲಿ ಒಂದಿಷ್ಟು ಸೌದೆ ಒಡೆಸಿದೆ. ವಯಸ್ಸಿನ ಹುಡುಗರಿಗೆ ಮೈಬಗ್ಗಿಸಿ ಗೊತ್ತಿರಬೇಕು.

ಈಗ ನಿನ್ನ ಗುಂಡಿಯ ವಿಚಾರ. ನೀನು ಬರೆದದ್ದು ಓದುವ ಮುಂಚೆಯೇ ನಾನು ತೋಡಿ ಮುಗಿಸಿದ್ದೆ. ನನಗೆ ಹೇಳಿಕೊಡುತ್ತೀಯಾ? ಮೇಲೆ ಒಂದು ಗೇಣು ಹೊಸ ಹಿಮ, ಮೆತ್ತಗೆ. ಅದರ ಕೆಳಗೆ ಗಟ್ಟಿ, ಹಳೆ ಗಿಣ್ಣಿನ ಹಾಗೆ, ಸಲಿಕೆ ಹೋಗಲೊಲ್ಲದು. ಇನ್ನೂ ಕೆಳಗೆ ಇನ್ನೂ ಗಟ್ಟಿ. ಅಂಗೈಯಲ್ಲಿ ತಟ್ಟಿದೆ, ಮುಷ್ಟಿಯಲ್ಲಿ ಗುದ್ದಿದೆ, ಜಪ್ಪಯ್ಯ ಅನ್ನಲಿಲ್ಲ. ನೀನು ಹೆದರುವ ಸಕ್ಕರೆ ಎಲ್ಲಿಯೂ ಕಾಣಲಿಲ್ಲ, ಬೇಕಾದರೆ ನನ್ನ ಚಹಾಕ್ಕೆ ಹಾಕಲು ಕಳಿಸು.

ಒಂದು ತಮಾಷೆ ಹೇಳುತ್ತೇನೆ ಕೇಳು. ಮೊಣಕೈ ಆಳದಲ್ಲಿ ಏನು ಸಿಕ್ಕಿತು ಗೊತ್ತೇ? ಕಿತ್ತಳೆ ಸಿಪ್ಪೆ. ಈಗಷ್ಟೇ ಸುಲಿದಷ್ಟು ಕೆಂಪಗೆ, ಮೂಗಿನ ಹತ್ತಿರ ಹಿಡಿದರೆ ವಾಸನೆ ಕೂಡ. ಡಿಸೆಂಬರಿನ ಮಿಕುಲಾಶ್ ಹಬ್ಬಕ್ಕೆ ನೀನು ಪೊಪ್ರಾದ್‌ನಲ್ಲಿ ಅರ್ಧ ದಿನ ಸಾಲಿನಲ್ಲಿ ನಿಂತು ತಂದು ಕಳಿಸಿದ ಕಿತ್ತಳೆಯದು. ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ನಿಂತಿದ್ದೆ. ನಿನ್ನ ಜ್ಞಾಪಕ ಬಂತು, ಸುಳ್ಳು ಯಾಕೆ ಹೇಳಲಿ. ಅದನ್ನು ಕಿಟಕಿಯಲ್ಲಿ ಇಟ್ಟಿದ್ದೇನೆ.

ಹಾಗಾಗಿ ಮಗಳು ಬರಲಿ. ಅವಳು ಮೊದಲು ದಾಟಲಿ, ವೆಂಡೆಲೀನ್ ನೂರು ಹೆಜ್ಜೆ ಹಿಂದೆ ಇರಲಿ, ಹಿಮ ಜಾರಿದರೆ ಹೊರೆ ಎಸೆಯಲು ಇಬ್ಬರೂ ಎಡಗಡೆಯ ಪಟ್ಟಿ ಕಳಚಿಕೊಂಡೇ ನಡೆಯಲಿ. ಈ ಪದ್ಧತಿ ಅವರಿಗೆ ನಾನು ಹೇಳಬೇಕಾಗಿಲ್ಲ.

ನಿನ್ನ
ಬೊಹುಶ್

ಮತ್ತೆ: ಜೊಲಾನಾ ಬರುವಾಗ ತಂಬಾಕು ಕಳಿಸು. ಕುದುರೆಗೆ ಹಚ್ಚುವ ಆ ಕಪ್ಪು ಮುಲಾಮೂ ಒಂದು ದೊಡ್ಡ ಡಬ್ಬಿ ಬೇಕು. ನಾಯಿ ಯಾಕೋ ಕುಂಟುತ್ತಿದೆ.


ಕೆಳಗಿನ ಉಗ್ರಾಣ,
ಶುಕ್ರವಾರ ಮಧ್ಯಾಹ್ನ

ಬೊಹುಶ್,

ಗೇಜಾ ಬೂಟು ಕಟ್ಟಿಕೊಳ್ಳುತ್ತಿದ್ದಾನೆ. ಅವನು ಹೊರಡುವಷ್ಟರಲ್ಲಿ ಬರೆದು ಮುಗಿಸಬೇಕು, ಅಕ್ಷರ ನೋಡಬೇಡ. ರೇಡಿಯೋದಲ್ಲಿ ನಿನ್ನನ್ನು ಕೂಗಿ ಕೂಗಿ ಗಂಟಲು ಹೋಯಿತು. ಉತ್ತರ ಇಲ್ಲ. ನಾನು ಕೂಗುತ್ತಿರುವುದು ಇಡೀ ಕಣಿವೆಗೆ ಕೇಳಿಸುತ್ತಿದೆ, ಕೇಳಿಸಿಕೊಳ್ಳಲಿ.

ನಡೆದದ್ದು ಹೇಳುತ್ತೇನೆ. ರಾತ್ರಿ ಅಲ್ಲೇ ತಂಗಿದ ಗೇಜಾ ನಿನ್ನೆ ಸಂಜೆ ನಿನ್ನ ಕಾಗದ ತಂದುಕೊಟ್ಟ. ಓದಿ ನಕ್ಕೆ. ಜೊಲಾನಾಗೂ ಹೇಳಿದೆ, ಅಪ್ಪ ಗಟ್ಟಿ ಅಂದಿದ್ದಾನೆ, ಹೋಗು ಅಂತ. ಅವಳಿಗೆ ಅಷ್ಟು ಸಾಕಾಯಿತು, ಕಾಗದ ಓದಲೂ ಇಲ್ಲ. ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಹೊರೆ ಕಟ್ಟಿಕೊಂಡು ಹೊರಟರು. ಅವಳ ಬೆನ್ನ ಮೇಲೆ ಎರಡು ಸಿಲಿಂಡರ್, ಹಿಟ್ಟಿನ ಚೀಲ, ಮೇಲೆ ನಿನ್ನ ತಂಬಾಕು ಮುಲಾಮು. ನಾನು ಒಳಗೆ ಬಂದು ಆಲೂಗಡ್ಡೆ ಸುಲಿಯುತ್ತಾ ಕೂತೆ. ಸಿಪ್ಪೆ ಬಟ್ಟಲಿಗೆ ಬೀಳುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ನನ್ನ ಕೈ ನಿಂತುಹೋಯಿತು.

ಕಿತ್ತಳೆ ಸಿಪ್ಪೆ ಬಟ್ಟಲಿನ ಇಳಿಜಾರಿಗೆ ಹೇಗೆ ಹೋಗುತ್ತದೆ, ಬೊಹುಶ್? ಮಿಕುಲಾಶ್ ಹಬ್ಬದ ದಿನ ಆ ಕಿತ್ತಳೆ ಹೊತ್ತು ತಂದವಳು ಜೊಲಾನಾ. ಬಟ್ಟಲು ದಾಟುವಾಗ ಯಾರಾದರೂ ನಿಂತು ಹಣ್ಣು ಸುಲಿಯುತ್ತಾರೆಯೇ? ಅಲ್ಲಿ ಉಗುಳು ನುಂಗುವುದಕ್ಕೂ ನಾವು ನಿಲ್ಲುವವರಲ್ಲ. ಸುಲಿದಿದ್ದರೆ ಹೊರೆ ಇಳಿಸಿದ ಮೇಲೆ ಸುಲಿದಿರಬೇಕು. ಅಂದರೆ ನಿನ್ನ ಸೌದೆ ಕೊಟ್ಟಿಗೆಯ ಹಿಂದೆ, ಮೊದಲನೇ ಕಂಬದ ಬುಡದಲ್ಲಿ. ಡಿಸೆಂಬರಿನಿಂದ ಹೊರೆಯಾಳುಗಳೆಲ್ಲ ತುಳಿದೂ ತುಳಿದೂ ಕಲ್ಲು ಮಾಡಿದ ದಾರಿಯ ಮೇಲೆ. ಅಲ್ಲಿ ತೋಡಿದರೆ ಗಟ್ಟಿಯಲ್ಲದೆ ಇನ್ನೇನು ಸಿಗುತ್ತದೆ? ಸಕ್ಕರೆಯನ್ನೆಲ್ಲ ನಾವೇ ತುಳಿದು ಗಟ್ಟಿ ಮಾಡಿದ್ದೇವಲ್ಲ.

ಚಾಕು ಅಲ್ಲೇ ಎಸೆದು ಹೊರಟೆ. ಈ ಮಂಡಿಯಲ್ಲಿ ಕಾಡಿನ ದಾರಿ ಹೇಗೆ ಹತ್ತಿದೆ ಅಂತ ನನ್ನನ್ನು ಕೇಳಬೇಡ. ಕೋಲು ಊರುತ್ತಾ, ಕೊಂಬೆ ಹಿಡಿಯುತ್ತಾ, ಕೆಲವು ಕಡೆ ನಾಲ್ಕು ಕಾಲಲ್ಲಿ. ನನಗೆ ಇದ್ದದ್ದು ಒಂದೇ ಆಸೆ. ಎಷ್ಟೇ ಅವಸರವಿದ್ದರೂ ಹೊರೆಯಾಳುಗಳು ಕೊನೆಯ ಸ್ಪ್ರೂಸ್ ಮರದ ಕೆಳಗಿನ ಹೊರೆಗಲ್ಲಿಗೆ ಬೆನ್ನು ಕೊಟ್ಟು ಒಂದು ಪೈಪು ಸೇದದೆ ಬಟ್ಟಲಿಗೆ ಕಾಲಿಡುವುದಿಲ್ಲ. ಪೈಪು ಸೇದುವ ವೆಂಡೆಲೀನ್‌ಗೆ ಜನ್ಮದಲ್ಲಿ ಮೊದಲ ಸಲ ಒಳ್ಳೆಯದು ಬಯಸಿದೆ.

ನಾನು ಹೋದಾಗ ಅವನ ಪೈಪು ಆರಿತ್ತು. ಜೊಲಾನಾ ಎಡಗಡೆಯ ಪಟ್ಟಿ ಕಳಚಿ ಎದ್ದು ನಿಂತಿದ್ದಳು. ನನ್ನನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು. ಅಪ್ಪನಿಗೆ ಏನಾಯ್ತಮ್ಮ ಅಂದಳು. ಅಪ್ಪನಿಗೆ ಬುದ್ಧಿ ಕೆಟ್ಟಿದೆ, ಹೊರೆ ಇಳಿಸು ಅಂದೆ.

ಇಳಿಸುತ್ತಾಳೆಯೇ? ಅಲ್ಲಿಂದ ನಿನ್ನ ಮನೆ ಕಾಣುತ್ತಿತ್ತು, ಮಾಳಿಗೆಯ ಕಂಬ ಕಾಣುತ್ತಿತ್ತು. ನೋಡಮ್ಮ, ಬಟ್ಟೆ ಇಲ್ಲ, ಅಂತ ಕೈ ತೋರಿಸಿದಳು. ಅಪ್ಪನಿಗಿಂತ ನಿನಗೆ ಜಾಸ್ತಿ ಗೊತ್ತೇ ಅಂದಳು. ವೆಂಡೆಲೀನ್ ಮೀಸೆಯಲ್ಲೇ ನಗುತ್ತಾ, ಓಟೀಲಿಯಕ್ಕ, ಗಂಡನ ಮೇಲಿನ ಸಿಟ್ಟನ್ನು ಹಿಮದ ಮೇಲೆ ಹಾಕಬೇಡಿ, ನಾವು ಮಧ್ಯಾಹ್ನದ ಊಟಕ್ಕೆ ಅಲ್ಲಿರಬೇಕು ಅಂದ. ಊಟ ಯಾರ ತಿಥಿಯದು ಅಂತ ಕೇಳಿಕೊಂಡು ಹೋಗಪ್ಪ ಅಂದೆ. ಆಮೇಲೆ ನಿನ್ನ ಕಾಗದ ತೆಗೆದು ಜೊಲಾನಾಗೆ ಆ ಸಾಲು ಓದಿ ಹೇಳಿದೆ. ಮೊಣಕೈ ಆಳ, ಕಿತ್ತಳೆ ಸಿಪ್ಪೆ, ಮಿಕುಲಾಶ್ ಹಬ್ಬ.

ಅವಳು ಕಾಗದ ಕಿತ್ತುಕೊಂಡು ಆ ಸಾಲನ್ನು ತಾನೇ ಓದಿದಳು. ಆಮೇಲೆ ಮೆಲ್ಲಗೆ, ಅದು ನನ್ನದೇ ಕೆಲಸ ಅಂದಳು. ಒಂದೇ ಒಂದು ಕದ್ದು ತಿಂದಿದ್ದೆ, ಅಪ್ಪನಿಗೆ ಗೊತ್ತಾಗದಿರಲಿ ಅಂತ ಕೊಟ್ಟಿಗೆಯ ಹಿಂದೆ ನಿಂತು ತಿಂದು ಸಿಪ್ಪೆ ಹೂತಿದ್ದೆ ಅಂದಳು. ಕಂಬದಿಂದ ಎರಡು ಮಾರು ಕೂಡ ಇಲ್ಲವಂತೆ.

ಹೊರೆ ತಾನಾಗಿಯೇ ಇಳಿಯಿತು. ಮರದಾಚೆ, ಬಟ್ಟಲಿನ ಕಡೆಗೇ ಮುಖ ಮಾಡಿದ ಒಂದು ಪುಟ್ಟ ದಿಬ್ಬ ಇದೆಯಲ್ಲ, ಜಾರಿದರೂ ಮಂಡಿ ಮುಳುಗದಷ್ಟು ಚಿಕ್ಕದು. ಅಲ್ಲಿ ಯಾರೂ ತುಳಿಯದ ಕಡೆ ಜೊಲಾನಾ ಗುಂಡಿ ತೋಡಿದಳು. ಸುತ್ತಲೂ ಕತ್ತರಿಸಿ ಒಂದು ಕಂಬದಂತೆ ಬಿಡಿಸಿ, ಮೇಲೆ ಸಲಿಕೆ ಇಟ್ಟು ಬೆರಳ ತುದಿಯಲ್ಲಿ ತಟ್ಟಿದಳು. ಎರಡನೇ ತಟ್ಟಿಗೆ ಮೇಲಿನ ಗಟ್ಟಿ ಹಲಗೆ ಪೂರ್ತಿ ಅವಳ ತೊಡೆಯ ಮೇಲೆ ಜಾರಿ ಬಂತು. ಅಡಿಯಿಂದ ಸಕ್ಕರೆ ಸುರಿಯಿತು, ಸರ್ರನೆ, ಚೀಲ ಹರಿದ ಹಾಗೆ. ವೆಂಡೆಲೀನ್ ಪೈಪು ಜೇಬಿಗೆ ಹಾಕಿಕೊಂಡ. ಮತ್ತೆ ಊಟದ ಮಾತು ಎತ್ತಲಿಲ್ಲ.

ಹೊರೆಗಳನ್ನು ಅಲ್ಲೇ ಬಿಟ್ಟು ಇಳಿದು ಬಂದೆವು. ಜೊಲಾನಾ ನನ್ನನ್ನು ಅರ್ಧ ದಾರಿ ಹೊತ್ತೇ ತಂದಳು. ನೀನು ಸಿಲಿಂಡರಿಗಿಂತ ಭಾರ ಅಮ್ಮ, ಅದೂ ಬೈಯುವ ಸಿಲಿಂಡರ್ ಅಂದಳು. ನಗಲಿಕ್ಕೆ ಹೋಗಿ ಇಬ್ಬರೂ ಅತ್ತೆವು.

ಕಾಡಿನ ನಡುವೆ ಬರುವಾಗ ಮಂಜು ಕವಿಯಿತು. ಆಮೇಲೆ ಮೇಲಿನಿಂದ ಒಂದು ಸದ್ದು ಬಂತು. ಕಿವಿಗಿಂತ ಎದೆಗೆ ಹೆಚ್ಚು ಕೇಳಿಸುವ ಸದ್ದು. ಮರಗಳ ಮೇಲಿನ ಹಿಮವೆಲ್ಲ ಒಟ್ಟಿಗೆ ಉದುರಿತು. ವೆಂಡೆಲೀನ್ ಏನೋ ವಿಮಾನ ಇರಬೇಕು ಅಂದ. ಅವನ ಮುಖ ನೋಡಿದರೆ ಅವನಿಗೇ ನಂಬಿಕೆ ಇರಲಿಲ್ಲ. ಕೆಳಗೆ ಬಂದು ರೇಡಿಯೋ ಹತ್ತಿರ ಕೂತವಳು ಎದ್ದಿಲ್ಲ.

ನೀನು ಮನೆಯೊಳಗೆ ಇದ್ದೀಯಲ್ಲವೇ? ನೀನು ಎದ್ದು ನಡೆದದ್ದನ್ನು ತಾನು ನೋಡಲೇ ಇಲ್ಲ, ಬುಧವಾರ ಪೂರ್ತಿ ನೀನು ಬೆಂಚಿನ ಮೇಲೆ ಕೂತೇ ಇದ್ದೆ, ಸಾರನ್ನೂ ತಾನೇ ಬಡಿಸಿಕೊಳ್ಳಬೇಕಾಯಿತು ಅಂತ ಗೇಜಾ ಈಗ ಹೇಳುತ್ತಿದ್ದಾನೆ. ಕುದುರೆಯ ಮುಲಾಮು ಹಚ್ಚಿಸಿಕೊಳ್ಳುವ ನಾಯಿಯನ್ನು ನಾನು ಎಲ್ಲಿಯೂ ಕಂಡಿಲ್ಲ, ಬೊಹುಶ್. ಏನು ಮುಚ್ಚಿಡುತ್ತಿದ್ದೀಯ? ನನಗೆ ಸಿಟ್ಟೂ ಬರುತ್ತಿದೆ, ಭಯವೂ ಆಗುತ್ತಿದೆ. ಯಾವುದು ಹೆಚ್ಚು ಅಂತ ಗೊತ್ತಾಗುತ್ತಿಲ್ಲ.

ಓಟೀಲಿಯಾ

ಗೇಜಾ ಬಾಗಿಲಲ್ಲಿ ನಿಂತಿದ್ದಾನೆ. ನೀನು ಬದುಕಿದ್ದರೆ ಬೈಯುತ್ತೇನೆ. ಬದುಕಿರು.


ಮೇಲಿನ ತಂಗುಮನೆ,
ಶುಕ್ರವಾರ ಸಂಜೆ

ನನ್ನ ಓಟೀಲಿಯಾ,

ಬದುಕಿದ್ದೇನೆ. ಬೈಗುಳ ಎಷ್ಟಿದೆಯೋ ಕೂಡಿಸಿ ಇಟ್ಟುಕೋ. ಹಿಮ ಜಾರಿ ಹೋದಾಗ ಎದ್ದ ಗಾಳಿಯ ಹೊಡೆತಕ್ಕೆ ರೇಡಿಯೋದ ಏರಿಯಲ್ ಮುರಿದು ಬಿದ್ದಿದೆ, ನಿನ್ನ ಕೂಗು ನನಗೆ ಕೇಳಿಸಲಿಲ್ಲ. ಗೇಜಾ ಬಂದು ನನ್ನನ್ನು ನೋಡಿ ಬಾಗಿಲಲ್ಲೇ ಕುಸಿದು ಕೂತ. ಅವನಿಗೆ ನಾನೇ ಪ್ಲಮ್ ಬ್ರಾಂದಿ ಕುಡಿಸಬೇಕಾಯಿತು.

ಇನ್ನು ಸುಳ್ಳು ಬೇಡ. ಜನವರಿ ಮೊದಲ ವಾರದಲ್ಲಿ ನೀರು ತರಲು ಹೋಗಿ ಬಾವಿಕಟ್ಟೆಯ ಹಿಮಗಲ್ಲಿನ ಮೇಲೆ ಜಾರಿ ಬಿದ್ದೆ. ಸೊಂಟ. ಮುರಿದಿಲ್ಲ ಅಂದುಕೊಂಡಿದ್ದೇನೆ, ಆದರೆ ಎಡಗಾಲು ಎತ್ತಿ ಇಡುವುದಕ್ಕೆ ಆಗುವುದಿಲ್ಲ. ಗೋಡೆ ಹಿಡಿದು ಒಲೆಯಿಂದ ಬೆಂಚಿಗೆ, ಬೆಂಚಿನಿಂದ ಕೊಟ್ಟಿಗೆಗೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಈ ತಂಗುಮನೆ ನಡೆಸುವ ಕ್ಲಬ್ಬಿನವರು ಬೇರೆಯವನನ್ನು ಮೇಲೆ ಕೂರಿಸುತ್ತಾರೆ. ನಿನಗೆ ಹೇಳಿದರೆ ನೀನೇ ಬಂದು ಕಿವಿ ಹಿಡಿದು ಇಳಿಸುತ್ತೀಯ. ಬುಧವಾರ ಬಟ್ಟಲಿಗೆ ಹೋಗಲೇ ಇಲ್ಲ. ಗೇಜಾ ಬರುವ ಮುಂಚೆ ಕೊಟ್ಟಿಗೆ ಹಿಂದೆ ಮೊದಲನೇ ಕಂಬದ ಬುಡದಲ್ಲಿ ಕೂತುಕೊಂಡೇ ತೋಡಿದೆ. ಇಲ್ಲಿ ಗಟ್ಟಿ ಇದ್ದ ಮೇಲೆ ಅಲ್ಲಿಯೂ ಗಟ್ಟಿ ಇರುತ್ತದೆ ಅಂದುಕೊಂಡೆ. ಇಲ್ಲ, ಹಾಗೆ ಅಂದುಕೊಳ್ಳಬೇಕು ಅನ್ನಿಸಿತ್ತು, ಅದಕ್ಕೆ ಅಂದುಕೊಂಡೆ. ಸಿಪ್ಪೆ ಕೈಗೆ ಸಿಕ್ಕಾಗಲೂ ನನ್ನ ತಲೆಗೆ ಹೊಳೆಯಲಿಲ್ಲ. ನಿನ್ನ ಜ್ಞಾಪಕ ಬಂತು ಅಂತ ಬರೆದಿದ್ದೆನಲ್ಲ, ಅದೊಂದು ನಿಜ.

ಇವತ್ತು ಬೆಳಿಗ್ಗೆ ದುರ್ಬೀನಿನಲ್ಲಿ ನೋಡುತ್ತಾ ಕೂತಿದ್ದೆ. ಹೊರೆಗಲ್ಲಿನ ಹತ್ತಿರ ಇಬ್ಬರು ಇರಬೇಕಿತ್ತು, ಮೂವರಿದ್ದರು. ಹಸಿರು ತಲೆವಸ್ತ್ರ ಕಂಡಿತು. ಎಂಟು ಚಳಿಗಾಲದಿಂದ ಆ ಕಾಡು ದಾಟಿ ಮೇಲೆ ಬಾರದವಳು ಆ ಮಂಡಿ ಇಟ್ಟುಕೊಂಡು ಅಲ್ಲಿ ನಿಂತಿದ್ದೆ. ಕೈ ಬೀಸಿ ಮಾತಾಡುತ್ತಿದ್ದೆ, ಯಾರಿಗೋ ಬೈಯುತ್ತಿದ್ದೀಯ ಅಂತ ಅಷ್ಟು ದೂರದಿಂದಲೇ ಗೊತ್ತಾಯಿತು. ಆಮೇಲೆ ಮೂವರೂ ಹಿಂದಕ್ಕೆ ತಿರುಗಿದಿರಿ.

ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಮಾತನ್ನು ಹೊರೆಯಾಳುಗಳ ಮುಂದೆ ಸುಳ್ಳು ಮಾಡಿದಳಲ್ಲ ಅಂತ. ಸರಿ, ಬಟ್ಟಲಿನಲ್ಲೇ ತೋಡಿ ತೋರಿಸುತ್ತೇನೆ ಅಂತ ಎರಡು ಸ್ಕೀ ಕೋಲು ಊರಿಕೊಂಡು ಹೊರಟೆ. ಬೇರೆಯವರಿಗೆ ಒಂದು ಪೈಪು ಸೇದುವಷ್ಟು ಹೊತ್ತಿನ ದಾರಿ. ನನಗೆ ಬೆಳಗೆಲ್ಲ ಬೇಕಾಯಿತು. ಅಂಚಿನ ಬಂಡೆಯ ಹತ್ತಿರ ತಲುಪುವಷ್ಟರಲ್ಲಿ ಮಂಜು ಬಂತು. ಬಂಡೆಗೆ ಬೆನ್ನು ಕೊಟ್ಟು ಕೂತು, ಯಾರೂ ತುಳಿಯದ ಹಿಮಕ್ಕೆ ಸಲಿಕೆ ಹಾಕಿದೆ.

ಒಂದೇ ಸಲ ಹಾಕಿದ್ದು. ಅಡಿಯಿಂದ ಹಿಮ ಹೂಂ ಅಂದಿತು. ಮಲಗಿದ ದನ ಮಗ್ಗುಲಾದ ಹಾಗೆ ಇಡೀ ಇಳಿಜಾರು ಒಂದು ಬೆರಳಿನಷ್ಟು ಕುಸಿಯಿತು. ನನ್ನ ಸಲಿಕೆಯ ತುದಿಯಿಂದ ಒಂದು ಬಿರುಕು ಹೊರಟು, ಕಂಬಗಳ ಮೇಲುಭಾಗದಲ್ಲಿ, ಕಣ್ಣು ಕಾಣುವಷ್ಟು ದೂರ ಓಡಿತು. ಆಮೇಲೆ ಎಲ್ಲ ಹೊರಟುಹೋಯಿತು. ನಾನು ಬಂಡೆ ತಬ್ಬಿಕೊಂಡು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ನನ್ನ ಬೂಟಿನ ಮುಂದೆ ಎದೆಯೆತ್ತರದ ಗೋಡೆ ಕತ್ತರಿಸಿದ ಹಾಗಿತ್ತು, ಅದರ ಕೆಳಗೆ ಬರೀ ಹುಲ್ಲು, ಕಲ್ಲು. ಕಂಬಗಳಲ್ಲಿ ಮೊದಲನೆಯದೊಂದು ಉಳಿದಿದೆ. ನಾನು ಗುಂಡಿ ತೋಡಿದೆನಲ್ಲ, ಅದು.

ಅಲ್ಲೇ ಕೂತು ಲೆಕ್ಕ ಹಾಕಿದೆ. ನನ್ನ ಒಂದು ಸಲಿಕೆಗೇ ಹೊರಟುಹೋದ ಇಳಿಜಾರಿನ ಮೇಲೆ ಅವಳು ಹೊರೆ ಹೊತ್ತು ಕಾಲಿಟ್ಟಿದ್ದರೆ ಎಲ್ಲಿರುತ್ತಿದ್ದಳು ಅಂತ. ಅದನ್ನು ಬರೆಯಲು ಕೈ ಬರುತ್ತಿಲ್ಲ.

ಕೊಶಿತ್ಸೆಯವರಿಗೆ ಬರಬೇಡಿ ಅಂತ ತಿಳಿಸು. ನನಗೆ ಏನೂ ಕಳಿಸಬೇಡ, ಹಿಟ್ಟು ಸೌದೆ ಎಲ್ಲ ಇದೆ. ಸೊಂಟದ ವಿಚಾರ ಮಾತ್ರ ಕ್ಲಬ್ಬಿನವರಿಗೆ ಬೇಡ. ವಸಂತದ ಹೊತ್ತಿಗೆ ಸರಿಹೋಗುತ್ತದೆ, ಅಲ್ಲಿಯವರೆಗೆ ಹೇಗೋ ನಡೆಸಿಕೊಂಡು ಹೋಗುತ್ತೇನೆ. ಇಷ್ಟೊಂದು ಉಪಕಾರ ಮಾಡು. ನಿನ್ನ ಮಂಡಿಗೆ ಎಲೆಕೋಸಿನ ಎಲೆ ಸುತ್ತಿಕೋ, ಆ ಹೆಂಗಸು ಹೇಳಿದ್ದು ಸುಳ್ಳಲ್ಲ.

ನಿನ್ನ
ಬೊಹುಶ್

ಮತ್ತೆ, ಶನಿವಾರ ಬೆಳಿಗ್ಗೆ: ಸೊಂಟದ ವಿಚಾರ ಕ್ಲಬ್ಬಿಗೆ ಬೇಡ ಅಂದೆನಲ್ಲ, ಆ ಮಾತು ಹೊಡೆದು ಹಾಕು. ಗೇಜಾ ಹೊರಡುವ ಮುಂಚೆ ಕೆಂಪು ಬಟ್ಟೆ ಕಟ್ಟಿ ಬರುತ್ತೇನೆ ಅಂತ ಮಾಳಿಗೆಯ ಏಣಿ ಹತ್ತಿದ. ಅಲ್ಲಿಂದಲೇ ಕೂಗಿ ಕೇಳಿದ, ಮಾವ, ಈ ಹಗ್ಗದ ಮೇಲೆ ತೋಳು ದಪ್ಪ ಮಂಜುಗಡ್ಡೆ ಕಟ್ಟಿದೆಯಲ್ಲ, ಇದನ್ನು ಎಂದಿನಿಂದ ಯಾರೂ ಮುಟ್ಟಿಲ್ಲ, ಅಂತ. ಓಟೀಲಿಯಾ, ಬಿದ್ದ ದಿನದಿಂದ ನಾನು ಆ ಏಣಿ ಹತ್ತಿಲ್ಲ. ಹತ್ತಲು ಆಗಿಲ್ಲ. ಬಂದ ಪ್ರವಾಸಿಗಳಿಗೆ ಹತ್ತಿ ಕಟ್ಟಿ ಅಂದರೆ ಯಾಕೆ ಅಂತ ಕೇಳುತ್ತಾರೆ ಅಂತ ಸುಮ್ಮನಿದ್ದೆ. ಜನವರಿಯಿಂದ ನಮ್ಮ ಮಗಳು ಕಂಬ ನೋಡಿ, ಬಟ್ಟೆ ಇಲ್ಲ ಅಂತ ನಂಬಿ ದಾಟಿದ್ದಾಳಲ್ಲ, ಅಷ್ಟು ಸಲವೂ ನಾನು ಕಿಟಕಿಯಲ್ಲಿ ಕೂತು ಬಾಯಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದೆ. ಗೇಜಾ ಜೊತೆಗಾರರನ್ನು ಕರೆತಂದು, ಗಿಡ ಕಡಿದು ದಾರಿ ಮಾಡಿ, ಪೈನ್ ದಿಣ್ಣೆಯ ಮೇಲಿಂದ ನನ್ನನ್ನು ಡೋಲಿಯಲ್ಲಿ ಹೊತ್ತು ಇಳಿಸುತ್ತಾನಂತೆ. ಕ್ಲಬ್ಬಿಗೆ ಬೀಗದಕೈ ಕೊಡುತ್ತೇನೆ ಅಂತ ತಿಳಿಸು. ಜೊಲಾನಾಗೆ ಮಾತ್ರ ಏನೂ ಹೇಳಬೇಡ. ಕೆಂಪು ಬಟ್ಟೆಯ ವಿಚಾರ ನಾನೇ ಬಂದು, ಅವಳ ಮುಖ ನೋಡಿ ಹೇಳಬೇಕು.